ಲಿವರಿನ ಮೇಲಿದ್ದ ಕೈ

ಥುಕ್ಬಾ
ಜನವರಿ 15, ಬುಧವಾರ. ಅಲ್ಲ, ಹನ್ನೆರಡು ಕಳೆದಿದೆ, ಗುರುವಾರ.

ಹಲೀಮತಕ್ಕನಿಗೆ ಝೀನತ್‌ಳ ಸಲಾಂ.

ರಾತ್ರಿ ಒಂದೂ ಮುಕ್ಕಾಲಿಗೆ ಎಚ್ಚರವಾಯಿತು. ಅದನ್ನು ನಿದ್ದೆ ಎನ್ನಲಿಕ್ಕೂ ಆಗದು, ಮೋನುವಿಗೆ ಹಾಲು ಕೊಡುತ್ತ ಕುಳಿತಲ್ಲೇ ಕಣ್ಣು ಕೂಡಿತ್ತು. ಕೆಳಗಿನಿಂದ ಠಪ್ ಎಂದಿತು. ವರ್ಕ್‌ಶಾಪಿನ ಮೈನ್ ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆ ತಳ್ಳಿದರೆ ಬರುವ ಶಬ್ದ ಅದು, ಇಷ್ಟು ವರ್ಷ ಅದರ ಮೇಲಿನ ಮನೆಯಲ್ಲಿದ್ದು ನನಗೆ ನನ್ನ ಉಸಿರಿನಷ್ಟೇ ಪರಿಚಯ. ಅದರ ಹಿಂದೆಯೇ ಸೊಳ್ಳೆ ಕಿವಿಯ ಹತ್ತಿರ ಬಂದ ಹಾಗೆ ಒಂದು ಸಿಳ್ಳು, ಆಮೇಲೆ ಗೋಡೆಯ ಬ್ಲೋವರಿನ ಮೊರೆತದ ಜತೆ ಕಬ್ಬಿಣ ಕೊರೆಯುವ ಲೇತ್ ತಿರುಗುವ ಗೊರಗೊರ. ಮತ್ತೆ ಠಪ್, ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಠಪ್, ಮತ್ತೆ ಹೊರಟಿತು. ಪಕ್ಕಕ್ಕೆ ಕೈ ಹಾಕಿ ನೋಡಿದೆ. ನಿಮ್ಮ ತಮ್ಮ ಫಾರಿಸ್ ಇರಲಿಲ್ಲ.

ಆ ವರ್ಕ್‌ಶಾಪಿನ ಶಟರಿಗೆ ಸಂಜೆ ಪೊಲೀಸರು ಬೀಗ ಹಾಕಿ ಹೋಗಿದ್ದಾರೆ. ಆದರೆ ಹಿಂದಿನ ಮೆಟ್ಟಿಲ ಕಡೆಯ ಬಾಗಿಲಿನ ಕೀಲಿ ನಮ್ಮಲ್ಲೇ ಇದೆ. ಅದನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈಗ ನಾನು ಬಾತ್‌ರೂಮಿನಲ್ಲಿ ಫ್ಯಾನ್ ಹಾಕಿಕೊಂಡು, ಮಗುಚಿದ ಬಕೆಟಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮೋನು ತೊಡೆಯ ಮೇಲಿದ್ದಾನೆ. ನಿಮ್ಮ ತಮ್ಮ ಕೆಳಗಿನಿಂದ ಬಂದು ಹಾಲ್‌ನಲ್ಲಿ ಹೊರಬಾಗಿಲಿಗೆ ಅಡ್ಡವಾಗಿ ಹಾಸಿಗೆ ಎಳೆದುಕೊಂಡು ಮಲಗಿದ್ದಾರೆ. ಫೋನಿನಲ್ಲಿ ಮಾತಾಡಿದರೆ ಅವರಿಗೆ ಕೇಳುತ್ತದೆ, ಹಾಗಾಗಿ ಬರೆಯುವುದು. ನೀವು ನಡುರಾತ್ರಿಯ ತಹಜ್ಜುದ್ ನಮಾಝಿಗೆ ಏಳುತ್ತೀರಿ, ಎದ್ದವರು ಮೊದಲು ಫೋನ್ ನೋಡುತ್ತೀರಿ. ಆ ಒಂದು ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಇಶಾ ನಮಾಝ್ ಆದ ಮೇಲೆ ಅವರು ನಿಮಗೆ ಫೋನ್ ಮಾಡಿ ಅತ್ತದ್ದನ್ನು ನಾನು ಕೇಳಿದೆ, ಸ್ಪೀಕರ್ ಹಾಕಿದ್ದರು. ವರ್ಕ್‌ಶಾಪಿನ ತಮೀಮ್ ಬೇಕೆಂದೇ ಲೇತಿನ ಲಿವರ್ ಹಾಕಿ, ಜತೆಗೆ ಕೆಲಸ ಮಾಡುವ ಶಂಸುದ್ದೀನರನ್ನು ಕೊಂದ ಎಂದರು. ನಾಳೆ ಬೆಳಿಗ್ಗೆ ನಮಗೆ ವೀಸಾ ಕೊಟ್ಟ ಅರಬಿ ಯಜಮಾನ, ಕಫೀಲ್, ಬಂದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಹೇಳಿಕೆಗೆ ಸಹಿ ಹಾಕಬೇಕು ಎಂದರು. ಕಂಡದ್ದನ್ನು ಕಂಡ ಹಾಗೆ ಹೇಳಿ ಬಾ, ಕೊಲೆಗಾರನನ್ನು ಮುಚ್ಚಿಟ್ಟ ಪಾಪ ನಮಗೆ ಬೇಡ ಎಂದು ನೀವು ಹೇಳಿದಿರಿ. ಅಕ್ಕ, ಅವರು ಕಂಡದ್ದು ಅರ್ಧ. ಉಳಿದ ಅರ್ಧವನ್ನು ನಾನು ಕಂಡಿದ್ದೇನೆ.

ನಾವು ಮಾಡುವ ಕೆಲಸ ಎಂತದ್ದು ಎಂದು ನೀವು ಪ್ರತಿ ಪೆರ್ನಾಲ್ ಹಬ್ಬಕ್ಕೂ ಕೇಳುತ್ತೀರಿ. ನಾನು ಹೇಳಲು ಶುರು ಮಾಡಿದರೆ, ಇರಲಿ ಇರಲಿ, ಮೊದಲು ನಿನ್ನ ನೀರುದೋಸೆಗೊಂದು ಡ್ರಾಯಿಂಗ್ ಹಾಕು, ಒಂದಾದರೂ ಹರಿಯದೆ ಏಳಲಿ ಎಂದು ನಗಾಡುತ್ತೀರಿ. ಇವತ್ತು ಸ್ವಲ್ಪ ಕೇಳಬೇಕು. ಕೇಳದಿದ್ದರೆ ತಮೀಮ್ ಯಾಕೆ ಕೊಲೆಗಾರ ಅಲ್ಲ ಎಂಬುದು ನಿಮಗೆ ಗೊತ್ತಾಗುವುದಿಲ್ಲ.

ಹಳೆಯ ಲೇತ್‌ಗಳಲ್ಲಿ ವೇಗ ಬದಲಿಸಬೇಕಾದರೆ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು, ಬೆಲ್ಟನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ದಾಟಿಸಬೇಕು. ನಾವು ಅಂಥ ಲೇತಿಗೆ ಡ್ರೈವ್ ಎಂಬ ಒಂದು ಪೆಟ್ಟಿಗೆ ಕೂರಿಸಿ ಕೊಡುತ್ತೇವೆ. ಆಮೇಲೆ ಒಂದು ಗುಂಡಿ ತಿರುಗಿಸಿದರೆ ಸಾಕು, ಮೋಟರಿನ ವೇಗ ಮನೆಯ ಫ್ಯಾನಿನ ಹಾಗೆ ಏರುತ್ತದೆ, ಇಳಿಯುತ್ತದೆ. ಆದರೆ ಆ ಪೆಟ್ಟಿಗೆಗೆ ತನ್ನದೆಂಬ ಬುದ್ಧಿ ಇಲ್ಲ. ಹೇಗೆ ಹೊರಡಬೇಕು, ಹೇಗೆ ನಿಲ್ಲಬೇಕು, ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು, ಎಲ್ಲವನ್ನೂ ಅದರ ಮುಖದ ಮೇಲಿನ ಕೀಪ್ಯಾಡ್ ಒತ್ತಿ ಹೇಳಿಕೊಡಬೇಕು. ಪೆಟ್ಟಿಗೆ ಕೂರಿಸಿ ತಂತಿ ಎಳೆಯುವುದು ಫಾರಿಸ್. ಹೇಳಿಕೊಡುವ ಪಾಠ ಬರೆಯುವವಳು ನಾನು. ನನ್ನ ಇಕಾಮಾದಲ್ಲಿ, ಈ ದೇಶದಲ್ಲಿರಲು ಕೊಟ್ಟ ಪರವಾನಗಿಯಲ್ಲಿ, ಕೆಲಸ ಮಾಡಕೂಡದು ಎಂದಿದೆ, ಹಾಗಾಗಿ ಎಲ್ಲವೂ ಅವರ ಹೆಸರಿನಲ್ಲಿ ನಡೆಯುತ್ತದೆ. ಊಟದ ಮೇಜೇ ನನ್ನ ಆಫೀಸು.

ಲೇತಿಗೆ ನಾನು ಬರೆಯುವ ಮೊದಲ ಪಾಠ ಇದು: ಕರೆಂಟ್ ಹೋಗಿ ಬಂದರೆ ಸುಮ್ಮನಿರು. ಲಿವರ್ ಮುಂದಕ್ಕೇ ಇದ್ದರೂ ಹೊರಡಬೇಡ. ಯಾರಾದರೂ ಅದನ್ನು ಮಧ್ಯಕ್ಕೆ ತಂದು, ಮತ್ತೆ ಮುಂದಕ್ಕೆ ಹಾಕಿದರೆ ಮಾತ್ರ ಹೊರಡು.

ಗೋಡೆಯಲ್ಲಿ ಹೊಗೆ ಎಳೆದು ಹೊರಗೆ ಹಾಕುವ ದೊಡ್ಡ ಬ್ಲೋವರ್ ಒಂದಿದೆಯಲ್ಲ, ನೀವು ಬಂದಾಗ ನಿಮ್ಮ ದುಪಟ್ಟಾ ಹಾರಿಸಿದ್ದು, ಅದಕ್ಕೂ ಅದೇ ಕಂಪನಿಯ ಡ್ರೈವ್ ಇದೆ. ಅದಕ್ಕೆ ಕಲಿಸಿದ್ದು ಇದಕ್ಕೆ ಪೂರಾ ಉಲ್ಟಾ. ಕರೆಂಟ್ ಬಂದ ಕೂಡಲೆ ನೀನಾಗಿ ತಿರುಗು, ಯಾರನ್ನೂ ಕೇಳಬೇಡ.

ಯಾಕೆಂದರೆ ನಮ್ಮಲ್ಲಿ ನಮಾಝಿನ ಹೊತ್ತಿಗೆ ಮೈನ್ ಸ್ವಿಚ್ ಇಳಿಸುವ ಪದ್ಧತಿ. ಮಸೀದಿಯಲ್ಲಿ ಬಾಂಗ್ ಕೂಗಿದ ಮೇಲೂ ಇದೊಂದು ಕಟ್ ಮುಗಿಸಿ ಬರುತ್ತೇನೆ ಎಂದು ಒಬ್ಬೊಬ್ಬರೇ ಉಳಿಯುತ್ತಾರೆ ಎಂದು ಫಾರಿಸ್ ಇದನ್ನು ಶುರು ಮಾಡಿದ್ದು. ಎಲ್ಲರೂ ತಮ್ಮ ಲಿವರನ್ನು ಮಧ್ಯಕ್ಕೆ ತಂದು ಕೈ ಎತ್ತುತ್ತಾರೆ. ಇವರು ಬಾಗಿಲ ಬಳಿ ನಿಂತು ಯಲ್ಲಾ ಎಂದು ಹಿಡಿ ಇಳಿಸುತ್ತಾರೆ. ಮಸೀದಿಯಿಂದ ಬಂದು ಹಿಡಿ ಏರಿಸಿದರೆ ಬ್ಲೋವರ್ ತಾನಾಗಿ ಹೊರಡುತ್ತದೆ, ಲೇತ್‌ಗಳು ಕಾಯುತ್ತವೆ.

ಕಳೆದ ವಾರ ಶಂಸುದ್ದೀನರ ಲೇತಿಗೆ ಡ್ರೈವ್ ಕೂರಿಸಿದರು. ಖತೀಫ್ ಊರಿನ ಒಂದು ಪಂಪಿನ ಶಾಫ್ಟ್ ಕೆಲಸ ಕುತ್ತಿಗೆಗೆ ಬಂದಿತ್ತು. ಕೀಪ್ಯಾಡನ್ನು ಕಳಚಿ ಒಂದು ಪೆಟ್ಟಿಗೆಯಲ್ಲಿರುವುದನ್ನು ಹೀರಿಕೊಂಡು ಇನ್ನೊಂದಕ್ಕೆ ಸುರಿಯಲು ಬರುತ್ತದೆ. ಆ ಅವಸರದಲ್ಲಿ ಬ್ಲೋವರಿನ ಪಾಠ ಇಡಿಯಾಗಿ ಶಂಸುದ್ದೀನರ ಲೇತಿಗೆ ಹೋಗಿಬಿಟ್ಟಿತು. ಕೀಪ್ಯಾಡ್ ಹಿಡಿದದ್ದು ನಿಮ್ಮ ತಮ್ಮ. ಹೊಗೆ ಎಳೆಯುವ ಯಂತ್ರದ ಬುದ್ಧಿ ಕಬ್ಬಿಣ ಕೊರೆಯುವ ಯಂತ್ರಕ್ಕೆ ಬಂತು. ಮೈನ್ ಇಳಿಯುವ ಮೊದಲು ಶಂಸುದ್ದೀನರು ಲಿವರನ್ನು ಮಧ್ಯಕ್ಕೆ ತರುತ್ತಿದ್ದದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ.

ನಿನ್ನೆ ಮಧ್ಯಾಹ್ನ ಅಸರಿನ ನಮಾಝಿಗೆ ಮೊದಲು ಜಗಳವಾಯಿತು. ನಾನು ಚಹಾದ ಫ್ಲಾಸ್ಕ್ ಹಿಡಿದು ಹಿಂದಿನ ಮೆಟ್ಟಿಲಿಳಿದು, ಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಗಂಡಸರ ಕಣ್ಣು ತಪ್ಪಿದಾಗ ಮೇಜಿನ ಮೇಲಿಟ್ಟು ಹೋಗುವುದು ನನ್ನ ರೂಢಿ.

ತಮೀಮ್ ಭಟ್ಕಳದವರು, ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಈ ಸಲದ ಹೊಸ ಡ್ರೈವ್ ತನ್ನ ಲೇತಿಗೇ ಬರುತ್ತದೆ ಎಂದುಕೊಂಡಿದ್ದರು. ಅದು ಉಚ್ಚಿಲದ ಶಂಸುದ್ದೀನರ ಲೇತಿಗೆ ಹೋಯಿತು. ನಿಮ್ಮ ತಮ್ಮ ಬ್ಯಾರಿಗಳಿಗೆ ಮೊದಲು ಬಡಿಸುತ್ತಾರೆ ಎಂಬ ಸಿಟ್ಟು ಅವರಿಗೆ. ಶಂಸುದ್ದೀನರ ನಾಲಗೆಯನ್ನು ಕೇಳಬೇಕೇ? ಒಬ್ಬರ ಮನೆಮಾತು ನವಾಯತಿ, ಇನ್ನೊಬ್ಬರದು ಬ್ಯಾರಿ, ಹಾಗಾಗಿ ಜಗಳವೆಲ್ಲ ಕನ್ನಡದಲ್ಲಿ. ಶಂಸುದ್ದೀನರು ಗುಂಡಿ ತಿರುಗಿಸುತ್ತ ತಮೀಮರನ್ನು ನೋಡಿ, ಎಂತ ಮಾರಾಯ, ನಿನ್ನ ಎತ್ತಿನ ಗಾಡಿ ಹೊರಟಿತಾ, ಹುಲ್ಲು ಹಾಕಿದೆಯಾ ಎಂದು ಬೆಳಿಗ್ಗೆಯಿಂದ ಕೆಣಕುತ್ತಿದ್ದರಂತೆ. ಭಟ್ಕಳದವರು ಅಂಗಡಿಯ ಗಲ್ಲಾದಲ್ಲಿ ಕುಳಿತು ಅತ್ತರ್ ಮಾರುವುದು ಬಿಟ್ಟು ಲೇತಿಗೆ ಯಾಕೆ ಕೈ ಹಾಕುವುದು ಎಂದಾಗ ತಮೀಮ್ ಎದ್ದು ಬಂದು ಅವರ ಬಾಯಿಗೇ ಗುದ್ದಿದರು. ತುಟಿ ಒಡೆದು ಸ್ವೆಟರಿನ ಮೇಲೆ ರಕ್ತ ಸುರಿಯಿತು. ಶಂಸುದ್ದೀನರು ಲೇತಿನಲ್ಲಿ ಉಕ್ಕನ್ನು ಕಚ್ಚಿ ಹಿಡಿದು ತಿರುಗುವ ಚಕ್ಕನ್ನು ಬಿಗಿ ಮಾಡುವ ಕಬ್ಬಿಣದ ಕೀಲಿ ಎತ್ತಿ ಬೀಸಿದರು, ಅದು ತಮೀಮರ ಭುಜಕ್ಕೆ ತಾಗಿತು. ಲೇತ್ ಅದರ ಪಾಡಿಗೆ ತಿರುಗುತ್ತಿತ್ತು, ಅದರ ಎದುರೇ ಇಬ್ಬರೂ ಕುತ್ತಿಗೆಗೆ ಕುತ್ತಿಗೆ ಹಿಡಿದುಕೊಂಡಿದ್ದರು. ಆಗ ತಮೀಮ್ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇನ್ನೊಂದು ಮಾತಾಡು, ನಿನ್ನ ಕೈಯನ್ನೇ ಚಕ್‌ಗೆ ಕಟ್ಟಿ ತಿರುಗಿಸ್ತೇನೆ."

ಅದೇ ಹೊತ್ತಿಗೆ ಬಾಂಗ್ ಆಯಿತು. ಫಾರಿಸ್ ಬಾಗಿಲಿನಿಂದಲೇ ಕೂಗಿದರು, ಯಾರೂ ಬಿಡಲಿಲ್ಲ. ಇಬ್ಬರಲ್ಲಿ ಒಬ್ಬರು ಚಕ್‌ಗೆ ಸಿಕ್ಕಿಬೀಳುತ್ತಾರೆ ಎಂದು ಹೆದರಿ ಇವರು ಯಾರ ಕೈಯನ್ನೂ ಕಾಯದೆ ಮೈನ್ ಇಳಿಸಿಬಿಟ್ಟರು. ಲೇತ್ ನಿಂತಿತು. ಲಿವರ್ ಮಾತ್ರ ಮುಂದಕ್ಕೇ ಇತ್ತು. ಅದನ್ನು ನಾನು ನೋಡಿದೆ ಅಕ್ಕ. ನೋಡಿಯೂ, ನಮ್ಮ ಲೇತ್‌ಗಳು ಹಾಗೆಲ್ಲ ಹೊರಡುವುದಿಲ್ಲ ಎಂದು ಸುಮ್ಮನಾದೆ.

ಅವರೆಲ್ಲ ಮಸೀದಿಗೆ ಹೋದರು. ನಾನು ಮೇಲೆ ಬಂದು ಮೋನುವನ್ನು ಎತ್ತಿಕೊಂಡು, ಖಾಲಿ ಲೋಟಗಳಿಗಾಗಿ ಮತ್ತೆ ಇಳಿದು ಪರದೆಯ ಹಿಂದೆ ನಿಂತೆ. ಅಷ್ಟರಲ್ಲಿ ಶಂಸುದ್ದೀನರು ಎಲ್ಲರಿಗಿಂತ ಮೊದಲು ಬಂದಿದ್ದರು, ಮುಖ ಬಾತುಕೊಂಡಿತ್ತು. ಚಕ್ ಸುತ್ತ ಉಕ್ಕಿನ ಚೂರುಗಳು ಸುರುಳಿ ಸುರುಳಿಯಾಗಿ ಸುತ್ತಿಕೊಂಡಿದ್ದವು, ಅವನ್ನು ಬಿಡಿಸಲು ಕೈ ಒಳಗೆ ಹಾಕಿದ್ದರು. ಚಳಿಗೆಂದು ಹಾಕಿದ ದಪ್ಪ ಉಣ್ಣೆಯ ಸ್ವೆಟರ್, ತೋಳು ಮಡಚಿರಲಿಲ್ಲ. ಕರೆಂಟ್ ಇಲ್ಲದ ಯಂತ್ರ ಎಂಬ ಭರವಸೆ ಅವರದು. ತಮೀಮ್ ಹಿಂದಿನಿಂದ ಬಂದರು. ಮಸೀದಿಯಲ್ಲಿ ಹಿರಿಯರೊಬ್ಬರು ಇಬ್ಬರಿಗೂ ಬುದ್ಧಿ ಹೇಳಿದ್ದರಂತೆ. ಬಲಗೈ ಮುಂದೆ ಚಾಚಿಕೊಂಡೇ ಬಂದರು, ಕೈ ಕುಲುಕಿ ಮುಸಾಫಹಾ ಮಾಡುವವರ ಹಾಗೆ. ಶಂಸುದ್ದೀನರು ಮುಖ ತಿರುಗಿಸಿ ಚೂರು ಬಿಡಿಸುತ್ತಲೇ ಇದ್ದರು. ಚಾಚಿದ ಕೈ ಹಾಗೇ ಇತ್ತು.

ಬಾಗಿಲಲ್ಲಿ ಠಪ್ ಎಂದಿತು. ಫಾರಿಸ್ ರಸ್ತೆಯ ಕಡೆ ಯಾರೊಡನೆಯೋ ಮಾತಾಡುತ್ತ, ಒಳಗೆ ನೋಡದೆ ಹಿಡಿ ಏರಿಸಿದ್ದರು.

ಹಳೆಯ ಯಂತ್ರವಾದರೆ ಹೊರಡುವಾಗ ಗುಡುಗುತ್ತದೆ, ಮನುಷ್ಯ ಬೆಚ್ಚಿ ಕೈ ಎಳೆದುಕೊಳ್ಳುತ್ತಾನೆ. ಡ್ರೈವ್ ಹಾಗಲ್ಲ. ಮೆಲ್ಲಗೆ ಹೊರಡಿಸುವುದೇ ಅದರ ಗುಣ, ಅದನ್ನೇ ಹೊಗಳಿ ನಾವು ಮಾರುವುದು. ಬ್ಲೋವರಿನ ಮೊರೆತದಡಿ ಚಕ್ ಸದ್ದಿಲ್ಲದೆ ಅರ್ಧ ಸುತ್ತು ಬಂತು. ಉಕ್ಕಿನ ಸುರುಳಿ ಸ್ವೆಟರಿನ ತೋಳನ್ನು ಹಿಡಿಯಿತು. ಅವರು ಎಳೆದುಕೊಂಡರು, ಉಣ್ಣೆ ಹರಿಯಲಿಲ್ಲ. ಆಮೇಲೆ ಅದಕ್ಕೆ ವೇಗ ಬಂತು. ತೋಳು ಹೋಯಿತು, ಭುಜ ಹೋಯಿತು, ಅವರ ತಲೆ ಲೇತಿನ ಕೆಳಗಿನ ಕಬ್ಬಿಣಕ್ಕೆ ಬಡಿಯಿತು, ಮತ್ತೆ ಬಡಿಯಿತು. ಮೂಳೆಯ ಶಬ್ದ ನಾನು ಅದುವರೆಗೆ ಕೇಳಿರಲಿಲ್ಲ. ಹಸಿ ಕೊಂಬೆಯನ್ನು ತಿರುಚಿದ ಹಾಗೆ ಇರುತ್ತದೆ. ಗೋಡೆಯ ಮೇಲೆ, ತಮೀಮರ ಬಿಳಿ ಟೊಪ್ಪಿಯ ಮೇಲೆ, ನನ್ನ ಚಹಾದ ಫ್ಲಾಸ್ಕಿನ ಮೇಲೆ ಕೂಡ ರಕ್ತ. ಮೋನುವಿನ ಮುಖವನ್ನು ಎದೆಗೆ ಒತ್ತಿಕೊಂಡೆ, ಅವನಿಗೆ ಉಸಿರು ಕಟ್ಟುವಷ್ಟು.

ತಮೀಮ್ ಹಾರಿದರು. ಚಾಚಿದ್ದ ಅದೇ ಕೈಯಿಂದ ಲಿವರನ್ನು ಹಿಡಿದು ಮಧ್ಯಕ್ಕೆ ಎಳೆದರು. ಯಂತ್ರ ನಿಂತದ್ದು ಅವರಿಂದ.

ಆದರೆ ಕಿರುಚಾಟ ಕೇಳಿ ಉಳಿದವರು ತಿರುಗಿ ನೋಡುವಾಗ ಕಂಡದ್ದು ಏನು? ಶಂಸುದ್ದೀನರು ಯಂತ್ರದೊಳಗೆ, ತಮೀಮರ ಕೈ ಲಿವರಿನ ಮೇಲೆ. ಕೈಯನ್ನು ಚಕ್‌ಗೆ ಕಟ್ಟಿ ತಿರುಗಿಸುತ್ತೇನೆ ಎಂದ ಮಾತು ಇನ್ನೂ ಎಲ್ಲರ ಕಿವಿಯಲ್ಲಿತ್ತು. ಮೊದಲು ಓಡಿ ಬಂದದ್ದು ಫಾರಿಸ್. ಮೂಲೆಯಲ್ಲಿದ್ದ ಪೈಪಿನ ತುಂಡು ಎತ್ತಿಕೊಂಡರು. ಯಾವ ಕೈ ಯಂತ್ರವನ್ನು ನಿಲ್ಲಿಸಿತೋ ಅದೇ ಕೈಗೆ ಹೊಡೆದರು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗುವವರೆಗೆ ಹೊಡೆದರು. ಉಳಿದವರು ಕಾಲಿನಲ್ಲಿ ತುಳಿದರು. ನೂರುದ್ದೀನ್, ನಿಮಗೆ ಗೊತ್ತಲ್ಲ, ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ, ಅವರು ಕೂಡ ಬೂಟುಗಾಲಿನಲ್ಲಿ ಮುಖಕ್ಕೆ ಒದ್ದರು. ತಮೀಮ್ ಏನೋ ಹೇಳುತ್ತಿದ್ದರು, ಬಾಯಲ್ಲಿ ಹಲ್ಲು ಮುರಿದು ಮಾತು ಆಗುತ್ತಿರಲಿಲ್ಲ.

ನಾನು ಪರದೆ ಸರಿಸಿ ಹೊರಗೆ ಬರಬೇಕಿತ್ತು. ನಿಲ್ಲಿ ಎನ್ನಬೇಕಿತ್ತು. ಮೋನುವನ್ನು ಹಿಡಿದುಕೊಂಡು ಪರದೆಯ ಹಿಂದೆಯೇ ನಿಂತೆ. ಪೊಲೀಸರು ಬಂದರು, ಫೋಟೋ ತೆಗೆದರು, ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು. ಮೇಲಿನ ಮನೆಯ ಹೆಂಗಸು ಏನಾದರೂ ಕಂಡಳೇ ಎಂದು ಕೇಳಲು ಅವರಿಗೆ ತೋಚಲಿಲ್ಲ. ಶಂಸುದ್ದೀನರು ಆಸ್ಪತ್ರೆಯಲ್ಲಿ ಸಂಜೆ ಮಗ್ರಿಬಿನ ಹೊತ್ತಿಗೆ ತೀರಿಕೊಂಡರು. ಉಚ್ಚಿಲದಲ್ಲಿ ಅವರ ತಾಯಿಗೆ ಇನ್ನೂ ಹೇಳಿಲ್ಲ, ಕೈಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿದ್ದಾರೆ.

ರಾತ್ರಿ ಇವರ ಫೋನಿಗೆ ಭಟ್ಕಳದಿಂದ ಕರೆ ಬಂತು. ಇವರು ಎತ್ತಲಿಲ್ಲ, ನಾನು ಎತ್ತಿದೆ. ತಮೀಮರ ಹೆಂಡತಿ ಬಸ್ಮಾ. ಜಗಳವಾಗಿ ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ ಎಂಬಷ್ಟೇ ಅವರಿಗೆ ತಲುಪಿತ್ತು. ಅವರು ಅಳಲಿಲ್ಲ. ಠಾಣೆಯಲ್ಲಿ ಊಟ ಕೊಡುತ್ತಾರಾ ಎಂದು ಕೇಳಿದರು. ನಮ್ಮವರಿಗೆ ಖಾರ ಆಗುವುದಿಲ್ಲ, ಹೊಟ್ಟೆ ಉರಿ ಇದೆ, ಯಾರಾದರೂ ಹೋಗುವವರಿದ್ದರೆ ಸ್ವಲ್ಪ ಹೇಳಿ ಎಂದರು. ಕೊಡುತ್ತಾರೆ ಎಂದೆ. ನಿಮಗೆ ಚಿಕ್ಕ ಮಗು ಇದೆಯಂತೆ, ಸುಮ್ಮನೆ ತೊಂದರೆ ಕೊಟ್ಟೆ ಎಂದು ಇಟ್ಟರು.

ಆಮೇಲೆ ನಾನು ಫಾರಿಸ್‌ಗೆ ಹೇಳಿದೆ. ಲೇತ್ ಮೈನ್ ಹಾಕಿದ ಮೇಲೆ ತಾನಾಗಿ ಹೊರಟಿತು, ತಮೀಮ್ ಲಿವರ್ ಮುಟ್ಟಿದ್ದು ಆಮೇಲೆ ಎಂದೆ. ನೀನು ನಿದ್ದೆಗೆಟ್ಟವಳು, ಕಣ್ಣೆದುರು ರಕ್ತ ಕಂಡವಳು, ಏನೇನೋ ತೋರುತ್ತದೆ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದನ್ನೇ ಹೇಳುತ್ತಿದ್ದರು. ನಾನು ಮತ್ತೆ ಮತ್ತೆ ಹೇಳಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಒಂದೂ ಮುಕ್ಕಾಲಿಗೆ ನಾನು ಕೇಳಿದ ಶಬ್ದ ಅವರು ಅದನ್ನು ತಾವಾಗಿ ಪರೀಕ್ಷೆ ಮಾಡುತ್ತಿದ್ದದ್ದು. ಲಿವರನ್ನು ಮುಂದಕ್ಕೆ ಇಟ್ಟು, ಮೈನ್ ಇಳಿಸಿ, ಮೈನ್ ಏರಿಸಿ.

ಮೇಲೆ ಬಂದಾಗ ಅವರ ಕೈಯಿಂದ ಲೇತಿಗೆ ಬಿಸಿಯಾಗದಂತೆ ಬಿಡುವ ತಂಪುನೀರಿನ ವಾಸನೆ ಬರುತ್ತಿತ್ತು. ದೀಪ ಹಾಕಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತರು.

"ತಾನಾಗಿ ಹೊರಡ್ತದೆ," ಎಂದರು. "ಇನ್ನು ಹೊರಡುವುದಿಲ್ಲ. ಪಕ್ಕದ ಲೇತಿನ ಡ್ರೈವಿನಲ್ಲಿದ್ದದ್ದನ್ನು ತೆಗೆದು ಇದಕ್ಕೆ ಹಾಕಿ ಬಂದೆ."

ಅರ್ಥವಾಯಿತಾ ಅಕ್ಕ? ಅಳಿಸಿ ಬಂದಿದ್ದಾರೆ. ನಾಳೆ ಯಾರು ಬಂದು ಪರೀಕ್ಷಿಸಿದರೂ ಆ ಲೇತ್ ಒಳ್ಳೆಯ ಮಗುವಿನ ಹಾಗೆ ಸುಮ್ಮನೆ ನಿಂತಿರುತ್ತದೆ. ಹಾಗಾದರೆ ಲಿವರ್ ಹಾಕಿದವನು ತಮೀಮನೇ ಎಂದಾಗುತ್ತದೆ. ಈ ಅರಬರ ನಾಡಿನಲ್ಲಿ ಬೇಕೆಂದು ಕೊಂದವನಿಗೆ ಏನಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತಪ್ಪಿನಿಂದ ಸತ್ತದ್ದಾದರೆ ಅದರ ದಾರಿ ಬೇರೆ, ಯಾರ ತಲೆಯೂ ಹೋಗುವುದಿಲ್ಲ. ಈ ಎರಡರ ನಡುವೆ ಈಗ ಉಳಿದಿರುವುದು ನಿಮ್ಮ ತಮ್ಮನ ಬಾಯಿ ಒಂದೇ.

ಹಾಗಾದರೆ ತಮೀಮ್ ಎಂದೆ. ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ತಮೀಮರ ಬೆರಳು ಎಂದೆ. ಬೆಳಿಗ್ಗೆ ನಾನೇ ಬಂದು ಹೇಳುತ್ತೇನೆ ಎಂದೆ. ಎದ್ದು ಬಂದು ಬಾಯಿ ಮುಚ್ಚಿ ಹಿಡಿದರು, ತಲೆ ಕಪಾಟಿನ ಅಂಚಿಗೆ ತಾಗಿತು. ನಾನು ಬೆರಳು ಕಚ್ಚಿದೆ. ಆಗ ಹೊಡೆದರು. ಮೂರು ವರ್ಷದಲ್ಲಿ ಒಮ್ಮೆಯೂ ಎತ್ತದ ಕೈ, ಪೈಪ್ ಹಿಡಿದ ಮೇಲೆ ಅದಕ್ಕೆ ಅಭ್ಯಾಸವಾಗಿತ್ತೋ ಏನೋ. ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದೆ. ಮೋನು ಎಚ್ಚೆತ್ತು ಚೀರಿದ. ಅವನನ್ನು ಎತ್ತಿಕೊಂಡು ನನ್ನ ಕೈಗೆ ಕೊಟ್ಟವರೂ ಅವರೇ.

"ನೀನು ಏನೂ ಹೇಳುವುದಿಲ್ಲ," ಎಂದರು. "ಒಂದಕ್ಷರ ಹೇಳಿದರೆ ಈ ಮಗುವಿಗೆ ಉಮ್ಮ ಇರುವುದಿಲ್ಲ."

ನಾನು ಮಗುವನ್ನು ಹಿಡಿದುಕೊಂಡು ಇಲ್ಲಿಗೆ ಬಂದು ಚಿಲಕ ಹಾಕಿದೆ. ಆಚೆ ಸ್ವಲ್ಪ ಹೊತ್ತು ನಡೆದಾಡುವ ಶಬ್ದ, ಆಮೇಲೆ ಹಾಸಿಗೆ ಎಳೆದ ಶಬ್ದ ಕೇಳಿತು. ಈಗ ಗೊರಕೆ ಕೇಳುತ್ತಿದೆ. ಇಂಥ ರಾತ್ರಿಯಲ್ಲಿಯೂ ಗಂಡಸರಿಗೆ ನಿದ್ದೆ ಬರುತ್ತದೆ.

ಕನ್ನಡಿಯಲ್ಲಿ ನೋಡಿಕೊಂಡೆ. ಕೆನ್ನೆ ಬಾತಿದೆ. ಆದರೆ ನಾನು ನಿಮಗೆ ಬರೆಯುತ್ತಿರುವುದು ಇದರ ದೂರು ಅಲ್ಲ. ಇದನ್ನು ಆಮೇಲೆ ನಾನೂ ಅವರೂ ನೋಡಿಕೊಳ್ಳುತ್ತೇವೆ, ಅದನ್ನು ನಾನು ಮರೆಯುವುದಿಲ್ಲ. ನಿಮ್ಮನ್ನು ಕೇಳುವುದು ಒಂದೇ. ಉಮ್ಮ ತೀರಿದ ಮೇಲೆ ಅವರನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವರು ನೀವು. ನಿಮ್ಮ ಮಾತನ್ನು ಅವರು ಮೀರಿದ್ದು ನಾನು ಕಂಡಿಲ್ಲ. ಈಗ ಅವರು ಮೀರುತ್ತಿರುವುದು ಕೂಡ ನೀವು ರಾತ್ರಿ ಹೇಳಿದ ಮಾತನ್ನೇ ಹಿಡಿದುಕೊಂಡು: ಕಂಡ ಹಾಗೆ ಹೇಳು ಎಂದಿರಲ್ಲ, ಲಿವರಿನ ಮೇಲೆ ಕೈ ಕಂಡೆ ಎಂದು ಹೇಳಿದರೆ ಅದು ಸುಳ್ಳೂ ಅಲ್ಲವಲ್ಲ. ಆ ಸಂದಿಯಲ್ಲಿ ತೂರಿಕೊಂಡು ಅವರು ಬದುಕಬಹುದು ಎಂದುಕೊಂಡಿದ್ದಾರೆ. ನೀವು ಆ ಸಂದಿಯನ್ನು ಮುಚ್ಚಬೇಕು. ಮೈನ್ ಹಾಕಿದ್ದು ನಾನು, ಯಂತ್ರ ತಾನಾಗಿ ಹೊರಟಿತು, ತಮೀಮ್ ಅದನ್ನು ನಿಲ್ಲಿಸಿದರು: ಈ ಮೂರು ಮಾತು ಅವರ ಬಾಯಿಂದಲೇ ಬರಬೇಕು. ನಾನು ಹೇಳಿದರೆ ಹೆಂಡತಿ ಗಂಡನ ಮೇಲೆ ಹೇಳಿದ ಹಾಗೆ ಆಗುತ್ತದೆ. ಅವರು ಇಂದು ಸಹಿ ಹಾಕಿ ನಾಳೆ ಬದಲಿಸಿದರೆ ಯಾರೂ ನಂಬುವುದಿಲ್ಲ. ಸಹಿ ಹಾಕುವ ಮೊದಲೇ ಆಗಬೇಕು.

ಬರೆದದ್ದನ್ನು ಓದಿ ಇವಳಿಗೆ ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿ. ನಿದ್ದೆ ಇಲ್ಲದೆ ತಲೆ ಹಗುರಾಗಿದೆ ನಿಜ, ಆದರೆ ಕಂಡದ್ದು ಕಂಡದ್ದೇ.

ನಿಮ್ಮ ತಮ್ಮನ ಮನೆಯವಳು, ಮೋನುವಿನ ಉಮ್ಮ,
ಝೀನತ್

ಕಳಿಸುವ ಮೊದಲು ಇನ್ನೊಂದು: ಮೇಲೆ ಒಂದು ಕಡೆ, ಬ್ಲೋವರಿನ ಪಾಠ ಅವಸರದಲ್ಲಿ ಲೇತಿಗೆ ಹೋಗಿಬಿಟ್ಟಿತು, ಕೀಪ್ಯಾಡ್ ಹಿಡಿದದ್ದು ಅವರು ಎಂದು ಬರೆದಿದ್ದೇನೆ. ಅಳಿಸಿ ಬರೆಯಲು ಹೋದೆ, ಕೈ ಬರಲಿಲ್ಲ, ಇಲ್ಲಿಯೇ ಬರೆಯುತ್ತೇನೆ. ಕೀಪ್ಯಾಡ್ ಅವರ ಕೈಯಲ್ಲಿತ್ತು, ಫೋನಿನ ಈ ತುದಿಯಲ್ಲಿ ನಾನಿದ್ದೆ. ಮೋನುವಿಗೆ ಜ್ವರ, ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ, ಆಗಷ್ಟೇ ಮಲಗಿದ್ದ. ಕೆಳಗಿನಿಂದ ಫೋನ್ ಮಾಡಿ, ಶಂಸುದ್ದೀನರ ಲೇತಿಗೆ ಏನು ಹಾಕುವುದು ಎಂದು ಕೇಳಿದರು. ಬ್ಲೋವರಿನದ್ದನ್ನೇ ಎತ್ತಿ ಹಾಕಿ, ಮೋಟರ್ ಒಂದೇ ಶಕ್ತಿಯದಲ್ಲವಾ, ಉಳಿದದ್ದನ್ನು ಆಮೇಲೆ ನಾನು ಬಂದು ತಿದ್ದುತ್ತೇನೆ ಎಂದೆ. ಎಂತ ತೊಂದರೆ ಇಲ್ಲ ಅಲ್ವಾ ಎಂದು ಕೇಳಿದರು. ಇಲ್ಲ ಎಂದೆ. ಯಾವ ಬಟನ್ ಆದ ಮೇಲೆ ಯಾವುದು ಎಂದು ಪಿಸುಮಾತಿನಲ್ಲಿ ಹೇಳಿಕೊಟ್ಟೆ. ಆಮೇಲೆ ಮಗುವಿನ ಪಕ್ಕ ಮಲಗಿ ಸತ್ತ ಹಾಗೆ ನಿದ್ದೆ ಮಾಡಿದೆ. ಎದ್ದಾಗ ತಿದ್ದಬೇಕೆಂಬುದು ತಲೆಯಲ್ಲಿ ಉಳಿದಿರಲಿಲ್ಲ. ನಿನ್ನೆ ಪರದೆಯ ಹಿಂದೆ ಚಕ್ ತಿರುಗಿದಾಗ ನೆನಪಾಯಿತು.

ಬೆಳಿಗ್ಗೆ ನಾನೇ ಬಂದು ಹೇಳುತ್ತೇನೆ ಎಂದದ್ದು ಅವರ ಹೆಸರನ್ನಲ್ಲ ಅಕ್ಕ, ನನ್ನ ಹೆಸರನ್ನು. ಅವರು ಬಾಯಿ ಮುಚ್ಚಿದ್ದು ಅದಕ್ಕೆ. ಪಾಠ ಯಾರು ಬರೆದದ್ದು ಎಂದು ಕೇಳಿದರೆ ಕೆಲಸ ಮಾಡಕೂಡದ ಹೆಂಗಸಿನ ಹೆಸರು ಬರುತ್ತದೆ, ಮಗುವಿಗೆ ಉಮ್ಮ ಇರುವುದಿಲ್ಲ ಎಂದದ್ದೂ ಅದಕ್ಕೇ. ನನ್ನನ್ನು ಉಳಿಸಲು ಇನ್ನೊಬ್ಬಳ ಗಂಡನನ್ನು ಕೊಡುತ್ತಿದ್ದಾರೆ. ನನಗೆ ಅದು ಬೇಡ. ಹೊಡೆದದ್ದನ್ನು ಅದು ಸರಿ ಮಾಡುವುದೂ ಇಲ್ಲ. ಝೀನತ್ ಎಲ್ಲವನ್ನೂ ನನಗೆ ಹೇಳಿದ್ದಾಳೆ, ಇನ್ನು ಮುಚ್ಚಿಡಲು ನಿನ್ನ ಹತ್ತಿರ ಏನೂ ಉಳಿದಿಲ್ಲ ಎನ್ನಿ. ನನ್ನ ಹೆಸರು ಹೇಳಲೇಬೇಕಾಗಿ ಬಂದರೆ ಹೇಳಲಿ ಎನ್ನಿ, ಮೋನುವನ್ನು ನೀವು ನೋಡಿಕೊಳ್ಳುತ್ತೀರಿ ಎಂದು ಹೇಳಿ.

ಈಗ ಮೆಲ್ಲಗೆ ಚಿಲಕ ತೆಗೆದು ಹೋಗಿ, ಅವರ ಫೋನಿನ ದನಿಯನ್ನು ಪೂರ್ತಿ ಏರಿಸಿ ದಿಂಬಿನ ಪಕ್ಕ ಇಟ್ಟು ಬಂದಿದ್ದೇನೆ. ನೀವು ಮಾಡಿದರೆ ಏಳುತ್ತಾರೆ, ನಿಮ್ಮ ಹೆಸರು ಕಂಡರೆ ಎತ್ತುತ್ತಾರೆ. ಸುಬಹಿ ನಮಾಝ್ ಆದ ಕೂಡಲೆ ಕಫೀಲ್‌ನ ಗಾಡಿ ಬರುತ್ತದೆ. ಅದಕ್ಕೆ ಮೊದಲು ಅಕ್ಕ, ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈಯಿರಿ, ಬೆಳಕು ಹರಿಯುವ ಮೊದಲು ಒಮ್ಮೆ ಫೋನ್ ಮಾಡಿ.